ನಲವತ್ತು ಸಾವಿರ ಕೋಟಿ ಪುಟಗಳ ನಡುವೆ ಹೆಬ್ಬಾಳದ ಒಂದು ಕಲ್ಲು

ಒಂದು ಸೆಕೆಂಡಿಗೆ 1 ಲಕ್ಷ 58 ಸಾವಿರ ಪ್ರಶ್ನೆ. ವರ್ಷಕ್ಕೆ 5 ಲಕ್ಷ ಕೋಟಿಗೂ ಹೆಚ್ಚು ಹುಡುಕಾಟಗಳು ತನ್ನಲ್ಲಿ ನಡೆಯುತ್ತವೆ ಎಂದು ಗೂಗಲ್ 2025ರಲ್ಲಿ ಹೇಳಿಕೊಂಡಿತು. ಅದನ್ನು ಸೆಕೆಂಡಿಗೆ ಇಳಿಸಿದರೆ ಸಿಗುವ ಲೆಕ್ಕ ಇದು. 2011ರ ಜನಗಣತಿಯ ಹೊತ್ತಿಗೆ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ 84 ಲಕ್ಷ ಜನರಿದ್ದರು. ಯಲಹಂಕದಿಂದ ಬೇಗೂರಿನವರೆಗೆ ಹಸುಗೂಸನ್ನೂ ಬಿಡದೆ ಅಷ್ಟೂ ಜನ ತಲಾ ಒಂದೊಂದು ಪ್ರಶ್ನೆ ಕೇಳಿದರೆನ್ನಿ, ಆ ಯಂತ್ರಕ್ಕೆ ಅದು 53 ಸೆಕೆಂಡಿನ ಕೆಲಸ. ಒಂದು ನಿಮಿಷವೂ ತುಂಬುವುದಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಖ್ಯೆ. ದಿನವೂ ಬರುವ ಹುಡುಕಾಟಗಳಲ್ಲಿ ಶೇ 15ರಷ್ಟು ಅದಕ್ಕೂ ಮುಂಚೆ ಯಾರೂ ಕೇಳಿರದವು ಎಂದು ಗೂಗಲ್ ಹಲವು ವರ್ಷಗಳಿಂದ ಹೇಳುತ್ತಾ ಬಂದಿದೆ. ಇಂದಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 200 ಕೋಟಿ ಹೊಚ್ಚಹೊಸ ಪ್ರಶ್ನೆಗಳು. ಮನುಷ್ಯರ ಕುತೂಹಲ, ಆತಂಕ, ಬೇಕು-ಬೇಡಗಳು ಎಷ್ಟು ಬಗೆಯವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಇಷ್ಟು ಪ್ರಶ್ನೆಗಳಿಗೆ ಉತ್ತರ ಎಲ್ಲಿಂದ ಬರುತ್ತದೆ? ಲೋಕದ ಜಾಲತಾಣಗಳನ್ನೆಲ್ಲ ಆ ಕ್ಷಣಕ್ಕೆ ಯಾರೂ ಹೋಗಿ ನೋಡುವುದಿಲ್ಲ. ಮೊದಲೇ ಸುತ್ತಿ, ಓದಿ, ತಂದು ಕೂಡಿಟ್ಟ ರಾಶಿಯೊಂದರಲ್ಲಿ ಹುಡುಕಾಟ ನಡೆಯುತ್ತದೆ. ಆ ರಾಶಿ ಬೆಳೆದ ಬಗೆ ನೋಡಿ. 1998ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದ ವೆಬ್ ಸಮ್ಮೇಳನಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸರ್ಗೈ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಹೊಸ ಸರ್ಚ್ ಎಂಜಿನ್ ಬಗ್ಗೆ ಪ್ರಬಂಧ ಒಪ್ಪಿಸಿದರು. ಆಗ ಅವರ ಬಳಿ ಇದ್ದದ್ದು 2 ಕೋಟಿ 40 ಲಕ್ಷ ಪುಟ, ತೂಕದಲ್ಲಿ 147.8 ಜಿಬಿ. ಇಂದು ಬೆಂಗಳೂರಿನ ಎಸ್.ಪಿ. ರೋಡಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುವ ಉಗುರಿನಗಲದ ಮೆಮೊರಿ ಕಾರ್ಡಿನಲ್ಲಿ ಅಂದಿನ ಇಡೀ ಗೂಗಲ್ ಹಿಡಿಸುತ್ತದೆ. 2000ದಲ್ಲಿ ಪುಟಗಳು 100 ಕೋಟಿಯಾದವು. 2008ರಲ್ಲಿ ಅದಕ್ಕೆ ಗೊತ್ತಿದ್ದ ವೆಬ್ ವಿಳಾಸಗಳು 1 ಲಕ್ಷ ಕೋಟಿ ದಾಟಿದವು. 2016ರಲ್ಲಿ ಆ ಸಂಖ್ಯೆ 130 ಲಕ್ಷ ಕೋಟಿ. ಈಗ ಕೂಡಿಟ್ಟ ಸರಕಿನ ಗಾತ್ರ 10 ಕೋಟಿ ಜಿಬಿಗೂ ಹೆಚ್ಚು ಎಂದು ಕಂಪನಿಯೇ ಬರೆದುಕೊಂಡಿದೆ. 1998ರ ಆರೂವರೆ ಲಕ್ಷ ಪಟ್ಟಿಗೂ ಮಿಗಿಲು.

ವಿಳಾಸ ಗೊತ್ತಿದ್ದ ಮಾತ್ರಕ್ಕೆ ಆ ಪುಟವನ್ನು ತಂದಿಟ್ಟುಕೊಳ್ಳಬೇಕೆಂದಿಲ್ಲ. ಅಮೆರಿಕದ ನ್ಯಾಯ ಇಲಾಖೆ ಗೂಗಲ್ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆ 2023ರಲ್ಲಿ ವಾಷಿಂಗ್ಟನ್ ನ್ಯಾಯಾಲಯದಲ್ಲಿ ನಡೆಯುತ್ತಿದ್ದಾಗ, ಕಂಪನಿಯ ಹುಡುಕಾಟ ವಿಭಾಗದ ಪಾಂಡು ನಾಯಕ್ ಸಾಕ್ಷಿ ನುಡಿದರು. 2020ರ ಹೊತ್ತಿಗೆ ತಮ್ಮ ಸೂಚಿಯಲ್ಲಿ, ಅಂದರೆ ಇಂಡೆಕ್ಸ್‌ನಲ್ಲಿ, ಇದ್ದದ್ದು ಸುಮಾರು 40,000 ಕೋಟಿ ದಾಖಲೆಗಳು ಎಂದು ಅಲ್ಲಿ ಬಯಲಾಯಿತು. 130 ಲಕ್ಷ ಕೋಟಿ ವಿಳಾಸಗಳ ಮುಂದೆ 40,000 ಕೋಟಿ ಎಂದರೆ 325ಕ್ಕೆ ಒಂದು. ಉಳಿದ 324 ಒಂದೇ ಪುಟದ ನಕಲುಗಳು, ಕೊನೆಯಿಲ್ಲದ ಕ್ಯಾಲೆಂಡರ್ ಪುಟಗಳು, ಕಸ. ಕೆಲವು ಒಳ್ಳೆಯ ಪುಟಗಳೂ ಅದರಲ್ಲಿ ಸೇರಿಹೋಗಿರುತ್ತವೆ.

40,000 ಕೋಟಿ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಲು ಹೆಬ್ಬಾಳದ ಒಂದು ಕಲ್ಲು ನನಗೆ ನೆರವಾಯಿತು.

2018ರಲ್ಲಿ ಬೆಳಕಿಗೆ ಬಂದ ಆ ವೀರಗಲ್ಲು ಗಂಗ ಅರಸ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಪೆರ್ಬೊಳಲ್‌ನಾಡಿನ ಮೇಲೆ ರಟ್ಟವಾಡಿಯವರು ಏರಿಬಂದಾಗ ಕಾದಿ ಮಡಿದ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ಬೆಂಗಳೂರು ನಗರದೊಳಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದು ಎಂದು ಶಾಸನ ಬಲ್ಲವರು ಹೇಳುತ್ತಾರೆ. ಬೆಂಗಳೂರು ಎಂಬ ಹೆಸರು ಕಾಣುವ ಬೇಗೂರಿನ ಶಾಸನಕ್ಕಿಂತಲೂ ನೂರು ವರ್ಷಕ್ಕೂ ಹೆಚ್ಚು ಹಿಂದಿನದು. ಈ ಕಲ್ಲನ್ನು ಕಂಡರಿಸಿದ ಅದೇ ದಿನ ಒಬ್ಬ ಲಿಪಿಕಾರ ಸೆಕೆಂಡಿಗೆ ಒಂದು ಪುಟದಂತೆ ಓದಲು ಕುಳಿತ ಎಂದುಕೊಳ್ಳಿ. ಅವನಿಗೆ ಊಟ ಇಲ್ಲ, ನಿದ್ದೆ ಇಲ್ಲ, ಹಬ್ಬ ಹುಣ್ಣಿಮೆ ಇಲ್ಲ. ಗಂಗರು ಹೋಗಿ ಚೋಳರು, ಹೊಯ್ಸಳರು ಬಂದರು. ವಿಜಯನಗರ ಎದ್ದು ಬಿದ್ದಿತು. ಯಲಹಂಕ ನಾಡಪ್ರಭುಗಳು ಬಂದರು, ಕೆಂಪೇಗೌಡರು ಪೇಟೆ ಕಟ್ಟಿದರು. ಹೈದರ್, ಟಿಪ್ಪು, ಮೈಸೂರು ಅರಸರು, ಕಂಟೋನ್ಮೆಂಟು, ಕೊನೆಗೆ ಹೆಬ್ಬಾಳದ ಫ್ಲೈಓವರು. ಓದುತ್ತಲೇ ಬಂದ ಆತ ಇಂದಿಗೆ ಮುಗಿಸಿರುವುದು ಸುಮಾರು 4,000 ಕೋಟಿ ಪುಟ. ಹತ್ತರಲ್ಲಿ ಒಂದು ಪಾಲು. ಇನ್ನು ಹನ್ನೊಂದು ಸಾವಿರ ವರ್ಷಕ್ಕೂ ಮಿಕ್ಕಿ ಅವನು ಕೂರಬೇಕು.

ಅದೇ ಲಿಪಿಕಾರನ ಮುಂದೆ ಕನ್ನಡದ ಪುಟಗಳನ್ನಷ್ಟೇ ಇಟ್ಟರೆ?

ಗೂಗಲ್ ತನ್ನ ಸೂಚಿಯಲ್ಲಿ ಯಾವ ಭಾಷೆಗೆ ಎಷ್ಟು ಪುಟ ಎಂದು ಬಿಡಿಸಿ ಹೇಳುವುದಿಲ್ಲ. ಆದರೆ ಅದರ ಸಂಶೋಧಕರು 2020ರಲ್ಲಿ 'ಎಂಸಿ4' ಎಂಬ ಪಠ್ಯಭಂಡಾರವನ್ನು ಪ್ರಕಟಿಸಿದರು. ಕಾಮನ್ ಕ್ರಾಲ್ ಎಂಬ ಲಾಭರಹಿತ ಸಂಸ್ಥೆ 71 ತಿಂಗಳು ವೆಬ್ ಸುತ್ತಿ ತಂದದ್ದನ್ನು ಸೋಸಿ, ತೀರಾ ಚಿಕ್ಕ ಪುಟಗಳನ್ನು ಬಿಟ್ಟು, 101 ಭಾಷೆಗಳಾಗಿ ವಿಂಗಡಿಸಿದ ಸಂಗ್ರಹ ಅದು. ಒಟ್ಟು 660 ಕೋಟಿ ಪುಟ. ಅದರಲ್ಲಿ ಇಂಗ್ಲಿಷಿನದು 306 ಕೋಟಿ, ಕನ್ನಡದ್ದು 13 ಲಕ್ಷ. ಹತ್ತು ಸಾವಿರ ಪುಟ ಎಣಿಸಿದರೆ ಕನ್ನಡದ್ದು ಎರಡು. ಸೆಕೆಂಡಿಗೊಂದರಂತೆ ಓದುವ ನಮ್ಮ ಲಿಪಿಕಾರನಿಗೆ ಅಲ್ಲಿನ ಇಂಗ್ಲಿಷ್ ಮುಗಿಸಲು 97 ವರ್ಷ ಬೇಕು. ಕನ್ನಡ ಮುಗಿಸಲು 15 ದಿನ.

ಹದಿನೈದು ದಿನ. 2011ರ ಗಣತಿಯಲ್ಲಿ 4 ಕೋಟಿ 37 ಲಕ್ಷ ಜನ ತಮ್ಮ ಮಾತೃಭಾಷೆ ಎಂದು ಬರೆಸಿದ ನುಡಿಯಿದು. ಸುಮಾರು 34 ಜನರಿಗೆ ಒಂದು ಪುಟ. ಮೊದಲ ಬಾರಿ ಈ ಭಾಗಾಕಾರ ಮಾಡಿದಾಗ ನನಗೆ ಸಂಕಟವಾಯಿತು. ಆಮೇಲೆ ಸರ್ಚ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ನೋಡುತ್ತಾ ಹೋದಂತೆ, ಈ ಸಣ್ಣ ಸಂಖ್ಯೆಯಲ್ಲಿ ಯಲಹಂಕದ, ಆರ್.ಟಿ. ನಗರದ ಒಬ್ಬ ಸಾಮಾನ್ಯ ಬರಹಗಾರನಿಗೆ, ಅಂಗಡಿಯವರಿಗೆ ದೊಡ್ಡ ಅವಕಾಶವೂ ಇದೆ ಎಂದು ಗೊತ್ತಾಯಿತು. ಅದನ್ನು ಹೇಳಲೆಂದೇ ಈ ಬರಹ.

ಯಂತ್ರದ ಮೊದಲ ಕೆಲಸ ಸುತ್ತುವುದು. ಬಾಟ್ ಎಂದು ಕರೆಯುವ ಒಂದು ಪ್ರೋಗ್ರಾಮು ಒಂದು ಪುಟ ತೆರೆದು, ಅದರೊಳಗಿನ ಲಿಂಕುಗಳನ್ನು ಬರೆದಿಟ್ಟುಕೊಂಡು, ಒಂದೊಂದನ್ನೇ ಹಿಡಿದು ಮುಂದೆ ಹೋಗುತ್ತದೆ. ಬ್ರಿನ್ ಮತ್ತು ಪೇಜ್ ಅವರ ಮೊದಲ ಯಂತ್ರದಲ್ಲಿ ಮೂರು ಬಾಟ್‌ಗಳಿದ್ದವು. ಒಂದೊಂದೂ ಏಕಕಾಲಕ್ಕೆ ಸುಮಾರು 300 ತಾಣಗಳ ಬಾಗಿಲು ತಟ್ಟುತ್ತಿತ್ತು. ಕೊನೆಯ 1 ಕೋಟಿ 10 ಲಕ್ಷ ಪುಟಗಳನ್ನು ಅವರು 63 ಗಂಟೆಗಳಲ್ಲಿ ತಂದರು, ಸೆಕೆಂಡಿಗೆ 48 ಪುಟದ ಲೆಕ್ಕ. ಅದೇ ವೇಗದಲ್ಲಿ ಆ 40,000 ಕೋಟಿ ತರಲು ಹೊರಟರೆ 260 ವರ್ಷ ಹಿಡಿಯುತ್ತದೆ, ಹೈದರಾಲಿಯ ಕಾಲದಲ್ಲಿ ಶುರು ಮಾಡಿದ್ದರೆ ಈಗ ಮುಗಿಯುತ್ತಿತ್ತು.

ಬಾಟ್ ನಡೆಯುವುದು ಲಿಂಕಿನ ದಾರಿಯಲ್ಲೇ. ಯಾರೂ ಲಿಂಕ್ ಕೊಡದ ಪುಟಕ್ಕೆ ದಾರಿಯೇ ಇಲ್ಲ. ಅದಕ್ಕಾಗಿಯೇ 2005ರಲ್ಲಿ ಸೈಟ್‌ಮ್ಯಾಪ್ ಎಂಬ ಏರ್ಪಾಡು ಬಂತು. ನಮ್ಮಲ್ಲಿ ಇಂತಿಂಥ ಪುಟಗಳಿವೆ ಎಂದು ತಾಣದವರೇ ಒಂದು ಕಡತದಲ್ಲಿ ಪಟ್ಟಿ ಬರೆದಿಡುವುದು, ಒಂದು ಕಡತಕ್ಕೆ 50,000 ವಿಳಾಸದವರೆಗೆ. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಆ ಪಟ್ಟಿ ಒಪ್ಪಿಸಲು ಒಂದು ಪೈಸೆಯೂ ಖರ್ಚಿಲ್ಲ. ಯಾವ ಪುಟ ಸೂಚಿಗೆ ಸೇರಿದೆ, ಯಾವುದು ಸೇರಿಲ್ಲ, ಜನ ಯಾವ ಪದ ಹುಡುಕಿ ನಿಮ್ಮಲ್ಲಿಗೆ ಬಂದರು ಎಂಬುದನ್ನೆಲ್ಲ ಅಲ್ಲಿ ನೋಡಬಹುದು. ಸಾವಿರಾರು ರೂಪಾಯಿ ಕೊಟ್ಟು ವೆಬ್‌ಸೈಟ್ ಮಾಡಿಸುವವರು ಈ ಬಿಟ್ಟಿ ಬಾಗಿಲನ್ನು ತೆರೆದೇ ನೋಡದಿರುವುದು ಬೇಸರದ ಸಂಗತಿ.

ಬಾಟ್‌ಗೆ ಕಾಲಿಡಲಾಗದ ಜಾಗಗಳೂ ಇವೆ. ಇಂದು ಕನ್ನಡಿಗರು ಬಹಳಷ್ಟು ಬರೆಯುತ್ತಿರುವುದು ವಾಟ್ಸ್ಆ್ಯಪ್‌ನಲ್ಲಿ. ಊರಿನ ಕರಗದ ವಿವರ, ಕೆರೆಯ ಹಳೆಯ ಕತೆ, ಅಜ್ಜಿಯ ಮದ್ದು, ಗ್ರಾಮದೇವತೆಯ ಜಾತ್ರೆಯ ಕಟ್ಟಳೆ ಎಲ್ಲವೂ ಅಲ್ಲಿ ಹರಿದಾಡುತ್ತವೆ. ಅದರ ಒಂದು ಸಾಲೂ ಯಾವ ಸರ್ಚ್ ಎಂಜಿನ್ನಿಗೂ ಕಾಣುವುದಿಲ್ಲ. ಫೇಸ್‌ಬುಕ್ಕಿನ ಖಾಸಗಿ ಗುಂಪುಗಳ ಕತೆಯೂ ಹಾಗೆಯೇ. ಒಂದು ವಾರದ ನಂತರ ಬರೆದವರಿಗೇ ಅದು ಸಿಗುವುದಿಲ್ಲ.

ಎರಡನೆಯ ಕೆಲಸ ಸೂಚಿ ಮಾಡುವುದು. ಹಳೆಯ ಸಂಶೋಧನಾ ಗ್ರಂಥಗಳ ಕೊನೆಯಲ್ಲಿ ಅಕಾರಾದಿಯಾಗಿ ಪದ, ಅದರ ಮುಂದೆ ಪುಟಸಂಖ್ಯೆಗಳು ಇರುತ್ತವಲ್ಲ, ಹಾಗೆಯೇ ಇದೂ. ಪ್ರತಿ ಪದಕ್ಕೂ ಒಂದು ಪಟ್ಟಿ, ಆ ಪದವಿರುವ ಪುಟಗಳೆಲ್ಲ ಅದರಲ್ಲಿ. 'ಹೆಬ್ಬಾಳ ವೀರಗಲ್ಲು' ಎಂದು ಹುಡುಕಿದರೆ ಯಂತ್ರ ಎರಡು ಪಟ್ಟಿಗಳನ್ನು ಎತ್ತಿಕೊಂಡು ಎರಡರಲ್ಲೂ ಇರುವ ಪುಟಗಳನ್ನು ಬೇರ್ಪಡಿಸುತ್ತದೆ. ಅದು 40,000 ಕೋಟಿ ಪುಟಗಳನ್ನು ಓದುತ್ತಾ ಕೂರುವುದಿಲ್ಲ. ಎರಡು ಕನ್ನಡ ಪದಗಳು ಸಾಕು, ಸಮುದ್ರ ಒಮ್ಮೆಲೇ ಬತ್ತಿ ಕೆಲವೇ ನೂರು ಪುಟ ಉಳಿಯುತ್ತವೆ. ಗಾತ್ರದ ಭಯ ಇಲ್ಲಿಗೆ ಮುಗಿಯಿತು. ಇಂಗ್ಲಿಷಿನಲ್ಲಿ ಯಲಹಂಕ ಎಂದರೆ ಫ್ಲ್ಯಾಟು, ಸೈಟು, ಪಿ.ಜಿ., ಶಾಲೆಗಳ ಪುಟಗಳು ಒಂದರ ಮೇಲೊಂದು ಮುಗಿಬೀಳುತ್ತವೆ. ಅಲ್ಲಿ ಮೊದಲ ಸಾಲಿಗೆ ಬರಲು ದುಡ್ಡು ಸುರಿಯುವವರಿದ್ದಾರೆ. ಕನ್ನಡದಲ್ಲಿ ಯಲಹಂಕದ ಕೆರೆಯ ಬಗ್ಗೆ ಒಳ್ಳೆಯದೊಂದು ಪುಟ ಬರೆದವರಿಗೆ ಪೈಪೋಟಿ ಕೊಡುವವರು ಬೆರಳೆಣಿಕೆಯಷ್ಟು.

ಆದರೆ ಪಟ್ಟಿಗೆ ಸೇರಬೇಕಾದರೆ ಪದ ಪದವಾಗಿಯೇ ಇರಬೇಕು. ಕನ್ನಡ ಎಡವಿದ್ದು ಇಲ್ಲೇ, ಅದೂ ದಶಕಗಳ ಕಾಲ.

ಕನ್ನಡ ವೆಬ್‌ಗೆ ಬಂದದ್ದು ತಡವಾಗಿಯೇನಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಮರುವರ್ಷ, 1996ರಲ್ಲಿಯೇ, ಯು.ಬಿ. ಪವನಜ ಅವರು 'ವಿಶ್ವ ಕನ್ನಡ' ತಾಣ ಆರಂಭಿಸಿದ್ದರು. ಗೂಗಲ್ ಕಂಪನಿ ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ತೊಡಕಾದದ್ದು ಅಕ್ಷರಗಳ ಸಂಕೇತದಲ್ಲಿ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿ ಕೊಟ್ಟಿತ್ತು. ನಮ್ಮ ಕಂಪ್ಯೂಟರುಗಳು ಮಾತ್ರ ಬಹುಕಾಲ ಹಳೆಯ ಆಸ್ಕಿ ಫಾಂಟುಗಳಲ್ಲೇ ನಡೆದವು. ಆ ಬಗೆಯಲ್ಲಿ 'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ 'ಕನ್ನಡ' ಎಂದು ಟೈಪಿಸಿದರೆ ಕಣ್ಣಿಗೆ ಕಾಣುವುದು ಕನ್ನಡವೇ. ಕಡತದೊಳಗೆ ಉಳಿಯುವುದು ರೋಮನ್ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಎಸ್, ಚಿಕ್ಕ ಕ್ಯು, ಮತ್ತೊಮ್ಮೆ ಎ. ಏಳು ಅನ್ಯ ಗುರುತುಗಳು. ಬಾಟ್ ಓದುವುದು ಕಡತದೊಳಗಿನದನ್ನು. ಅದರ ಪಾಲಿಗೆ ಅಲ್ಲಿ ಕನ್ನಡವೇ ಇಲ್ಲ. ಕಚೇರಿಗಳ ಸುತ್ತೋಲೆ, ಸಂಘಗಳ ಸ್ಮರಣ ಸಂಚಿಕೆ, ಪತ್ರಿಕೆಗಳ ವರ್ಷಗಟ್ಟಲೆ ಸಂಚಿಕೆಗಳು ಎಲ್ಲ ಹೀಗೆ ಕಣ್ಣೆದುರೇ ಮರೆಯಾದವು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳು ಬಂದು ಎಷ್ಟೋ ವರ್ಷಗಳಾದವು. ಹಳೆಯ ಸಿ.ಡಿ.ಗಳಲ್ಲಿ ಅಂಥ ಕಡತ ಇಟ್ಟುಕೊಂಡ ಸಂಘಸಂಸ್ಥೆಗಳು ಇವತ್ತೇ ಕೂತು ಪರಿವರ್ತಿಸಬಹುದು.

ಇನ್ನೊಂದು ಬಗೆಯ ಮರೆ ಚಿತ್ರದ್ದು. ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆ ಈ ಸಮಸ್ಯೆಯ ಎರಡೂ ತುದಿಗಳನ್ನು ಮುಟ್ಟಿದ ಜಾಗ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜತೆಗೂಡಿ ನಡೆದ ದಶಲಕ್ಷ ಪುಸ್ತಕ ಯೋಜನೆಯ ಭಾಗವಾಗಿ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ರೂಪುಗೊಂಡಿದ್ದು ಇಲ್ಲಿ, ಪ್ರೊ. ಎನ್. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ. 5 ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಸ್ಕ್ಯಾನ್ ಆದವು. ಪುಸ್ತಕಕ್ಕೆ ಬರೀ 200 ಪುಟ ಎಂದರೂ 10 ಕೋಟಿ ಪುಟ. ಅಪೂರ್ವ ಕನ್ನಡ ಪುಸ್ತಕಗಳು ಅದರಲ್ಲಿದ್ದವು. ಆದರೆ ಪುಟಗಳೆಲ್ಲ ಫೋಟೋಗಳು, ಹೆಸರುಗಳು ತಪ್ಪುತಪ್ಪಾದ ರೋಮನ್ ಅಕ್ಷರಗಳಲ್ಲಿ. ಕನ್ನಡದಲ್ಲಿ ಹುಡುಕಿದರೆ ಪುಸ್ತಕದ ಹೆಸರೂ ಸಿಗುತ್ತಿರಲಿಲ್ಲ. ಓಂಶಿವಪ್ರಕಾಶ್ ಮತ್ತು ಗೆಳೆಯರ 'ಸಂಚಯ' ತಂಡ ಆಗ ಮಾಡಿದ ಕೆಲಸ ದೊಡ್ಡದು. ಆ ಹೆಸರುಗಳನ್ನು ಕನ್ನಡ ಲಿಪಿಗೆ ತಿದ್ದಲು ಹಲವರ ಕೈ ಸೇರಿಸಿತು. ಒಂದೊಂದು ಶೀರ್ಷಿಕೆ ತಿದ್ದಿದಾಗಲೂ ಇಡೀ ಒಂದು ಪುಸ್ತಕ ಹುಡುಕಾಟಕ್ಕೆ ಸಿಗುವಂತಾಯಿತು. ಹತ್ತಿಪ್ಪತ್ತು ಅಕ್ಷರಗಳ ಟೈಪಿಂಗಿಗೆ ಇಷ್ಟು ಬೆಲೆ ಬೇರೆಲ್ಲೂ ಸಿಗಲಾರದು. ಅದೇ ತಂಡದ 'ವಚನ ಸಂಚಯ' 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕುವಂತೆ ಮಾಡಿದೆ. ಒಂದು ಪದವನ್ನು ಯಾವ ಯಾವ ವಚನಕಾರರು ಎಷ್ಟು ಸಲ ಬಳಸಿದ್ದಾರೆ ಎಂದು ತಿಳಿಯಲು ಹಿಂದೆ ಒಬ್ಬ ವಿದ್ವಾಂಸರ ಆಯುಷ್ಯ ಬೇಕಿತ್ತು.

ಮತ್ತೊಂದು ತುದಿ ಅದೇ ವಿಜ್ಞಾನ ಸಂಸ್ಥೆಯ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದ್ದು. ಮುದ್ರಿತ ಕನ್ನಡ ಪುಟದ ಚಿತ್ರವನ್ನು ಅಕ್ಷರವಾಗಿ ಓದುವ 'ಲಿಪಿ ಜ್ಞಾನಿ' ತಂತ್ರಾಂಶ ಅಲ್ಲಿಂದ ಬಂತು. ಒತ್ತಕ್ಷರ, ದೀರ್ಘ, ಸವೆದ ಅಚ್ಚಿನ ಮೊಳೆಗಳು, ಹಳದಿಗಟ್ಟಿದ ಕಾಗದ ಎಲ್ಲವನ್ನೂ ದಾಟಿ ಚಿತ್ರ ಪಠ್ಯವಾಗಬೇಕು. ಪಠ್ಯವಾದ ಮೇಲಷ್ಟೇ ಸೂಚಿ.

ಕಲ್ಲಿನದೂ ಇದೇ ಸಮಸ್ಯೆ. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದ್ದು 1905ರಲ್ಲಿ. ಅಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ರಸ್ತೆ, ಮನೆ, ಚರಂಡಿಗಳಡಿ ಹೋದವು. ಈಗ ಮಿಥಿಕ್ ಸೊಸೈಟಿಯಲ್ಲಿ ಪಿ.ಎಲ್. ಉದಯಕುಮಾರ್ ಮತ್ತು ಅವರ ತಂಡ ಬೆಂಗಳೂರಿನ ಸುತ್ತಲ ಶಾಸನಗಳನ್ನು ಒಂದೊಂದಾಗಿ ಹುಡುಕಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಓದಿ, ಎಲ್ಲಿವೆ ಎಂಬುದರ ಸಮೇತ ದಾಖಲಿಸುತ್ತಿದೆ. ಕಿತ್ತಯ್ಯನ ಫೋಟೋ ಲಕ್ಷ ಜನರ ಫೋನಿನಲ್ಲಿದ್ದರೂ ಹುಡುಕಾಟಕ್ಕೆ ಅವನು ಸಿಗುವುದು ಯಾರೋ ಒಬ್ಬರು 'ಕಿತ್ತಯ್ಯ', 'ಹೆಬ್ಬಾಳ', 'ವೀರಗಲ್ಲು' ಎಂದು ಅಕ್ಷರಗಳಲ್ಲಿ ಬರೆದಾಗ. ಚಿತ್ರದೊಳಗಿನ ಅಕ್ಷರವನ್ನು ಓದಲು ಇಂದಿನ ಯಂತ್ರಗಳು ಪ್ರಯತ್ನಿಸುತ್ತವೆ, ನಿಜ. ಎಂಟನೆಯ ಶತಮಾನದ ಲಿಪಿ ಅವುಗಳಿಗೆ ಇನ್ನೂ ಕಷ್ಟ.

ಇನ್ನು ನಮ್ಮ ವ್ಯಾಕರಣ. ಹೆಬ್ಬಾಳದ, ಹೆಬ್ಬಾಳಕ್ಕೆ, ಹೆಬ್ಬಾಳದಲ್ಲಿ, ಹೆಬ್ಬಾಳದಿಂದ, ಹೆಬ್ಬಾಳದಲ್ಲಿರುವ, ಹೆಬ್ಬಾಳದವರಿಗೂ. ಓದುವ ನಮಗೆ ಒಂದೇ ಊರು, ಯಂತ್ರಕ್ಕೆ ಆರು ಬೇರೆ ಪದ. ಇವೆಲ್ಲದರ ಬೇರು ಒಂದೇ ಎಂದು ಅದು ಕಲಿಯಬೇಕಾದರೆ ಧಾರಾಳವಾಗಿ ಪಠ್ಯ ಬೇಕು, ಆ ಪಠ್ಯವೇ ಕಡಿಮೆ. ಹೀಗಾಗಿ ಪುಟದ ಶೀರ್ಷಿಕೆಯಲ್ಲೊಮ್ಮೆ, ಮೊದಲ ಸಾಲಿನಲ್ಲೊಮ್ಮೆ ಊರಿನ ಹೆಸರನ್ನು ಪ್ರತ್ಯಯವಿಲ್ಲದೆ ಬರೆಯುವುದು ಒಳ್ಳೆಯದು. ಬ್ರೌಸರಿನ ವಿಳಾಸದ ಪಟ್ಟಿಯಲ್ಲೂ ಕನ್ನಡ ತೆರುವ ಸುಂಕವಿದೆ. ಯೂನಿಕೋಡಿನ ಒಂದೊಂದು ಕನ್ನಡ ಸಂಕೇತವೂ ವೆಬ್ ವಿಳಾಸದೊಳಗೆ ಒಂಬತ್ತು ರೋಮನ್ ಗುರುತುಗಳಾಗಿ ಹಿಗ್ಗುತ್ತದೆ. ಯಲಹಂಕ 45 ಗುರುತು, ಹೆಬ್ಬಾಳ 63, ಯಶವಂತಪುರ 72. ಕನ್ನಡ ವಿಕಿಪೀಡಿಯದ ಲಿಂಕನ್ನು ಕಾಪಿ ಮಾಡಿದವರೆಲ್ಲ ಈ ಉದ್ದನೆಯ ಶೇಕಡಾ ಚಿಹ್ನೆಗಳ ಸಾಲನ್ನು ನೋಡಿಯೇ ಇರುತ್ತಾರೆ. ನೋಡಲು ಚೆನ್ನಾಗಿಲ್ಲ, ಆದರೆ ಬಾಟ್‌ಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಹೆದರಿ ರೋಮನ್‌ಗೆ ಹೋಗಬೇಕಿಲ್ಲ.

ಮೂರನೆಯ ಕೆಲಸ ಸಾಲು ಹಚ್ಚುವುದು. ಬ್ರಿನ್-ಪೇಜ್ ಜೋಡಿಯ ಮುಖ್ಯ ಹೊಳಹು ಇದ್ದದ್ದು ಇದರಲ್ಲೇ. ಒಂದು ಪುಟಕ್ಕೆ ಎಷ್ಟು ಪುಟಗಳು ಲಿಂಕ್ ಕೊಟ್ಟಿವೆ, ಕೊಟ್ಟ ಆ ಪುಟಗಳಿಗೆ ಇನ್ನೆಷ್ಟು ಲಿಂಕುಗಳಿವೆ ಎಂದು ಲೆಕ್ಕ ಹಾಕುತ್ತಾ ಹೋಗುವುದು. ಅವರ ಮೊದಲ ಸಂಗ್ರಹದಲ್ಲಿ 51 ಕೋಟಿ 80 ಲಕ್ಷ ಲಿಂಕುಗಳಿದ್ದವು. ಈಗ ಲಿಂಕಿನ ಜೊತೆಗೆ ನೂರಾರು ಬೇರೆ ಅಂಶಗಳೂ ತೂಕಕ್ಕೆ ಬರುತ್ತವೆ, ಆದರೂ ಲಿಂಕಿನ ತೂಕ ಕಳೆದಿಲ್ಲ. ಏರೆಫ್ಸ್ ಎಂಬ ಕಂಪನಿ 2023ರಲ್ಲಿ ಸುಮಾರು 1,400 ಕೋಟಿ ಪುಟಗಳನ್ನು ಪರಿಶೀಲಿಸಿ ಕಂಡದ್ದು: ಶೇ 96.55 ಪುಟಗಳಿಗೆ ಗೂಗಲ್‌ನಿಂದ ಒಬ್ಬರೂ ಬರುವುದಿಲ್ಲ. ನೂರು ಪುಟ ಬರೆದರೆ ತೊಂಬತ್ತಾರು ಯಾರಿಗೂ ಸಿಗದೆ ಉಳಿಯುತ್ತವೆ. ಲಿಂಕಿಲ್ಲದಿರುವುದು ಒಂದು ಕಾರಣ, ಯಾರೂ ಹುಡುಕದ ವಿಷಯ ಇನ್ನೊಂದು. ಕನ್ನಡದ ತಾಣಗಳಲ್ಲಿ ಇನ್ನೊಬ್ಬರ ಬರಹಕ್ಕೆ ಲಿಂಕ್ ಕೊಡುವ ಅಭ್ಯಾಸವೇ ಕಡಿಮೆ. ಎಷ್ಟು ಒಳ್ಳೆಯ ಬರಹವೇ ಇರಲಿ, ಅದನ್ನು ಓದಿ ಮೆಚ್ಚಿ, ಹೆಸರು ಹೇಳಿ, ಲಿಂಕ್ ಮಾತ್ರ ಕೊಡದೆ ಮುಂದೆ ಹೋಗುತ್ತೇವೆ. ಒಂದು ಕ್ಲಿಕ್ಕಿನ ಔದಾರ್ಯದಿಂದ ಇನ್ನೊಬ್ಬರ ಪುಟ ಮೇಲೇರುತ್ತದೆ. ಅದನ್ನೇ ನಾವು ಹಿಡಿದಿಟ್ಟುಕೊಂಡಿದ್ದೇವೆ.

ಬರೆಯದೆ ಬಿಟ್ಟ ಜಾಗ ಖಾಲಿಯಾಗಿಯೇ ಉಳಿಯುತ್ತದೆ ಎಂದೇನಿಲ್ಲ. 2021ರ ಜೂನ್ 3ರಂದು ಇದು ಇಡೀ ಕರ್ನಾಟಕದ ಅನುಭವಕ್ಕೆ ಬಂತು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಉತ್ತರದ ಪೆಟ್ಟಿಗೆಯಲ್ಲಿ 'ಕನ್ನಡ' ಎಂದು ತೋರಿಸುತ್ತಿತ್ತು. ರಾಜ್ಯ ಕೆರಳಿತು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು. ಗೂಗಲ್ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ಆ ಉತ್ತರದ ಮೂಲ ಭಾಷಾವಿಜ್ಞಾನಕ್ಕೆ ಸಂಬಂಧವೇ ಇಲ್ಲದ, ಸಾಲದ ವಿಷಯದ ಯಾವುದೋ ತಾಣದ ಒಂದು ಪುಟ. ಯಾವ ವಿವೇಕಿಯೂ ಅಂಥ ಪ್ರಶ್ನೆಗೆ ಉತ್ತರ ಬರೆದಿಡುವುದಿಲ್ಲ. ಬರೆದಿಟ್ಟ ಒಂದೇ ಪುಟಕ್ಕೆ ಎದುರಾಳಿಯೇ ಇರಲಿಲ್ಲ, ಹಾಗಾಗಿ ಅದು 40,000 ಕೋಟಿಯ ನೆತ್ತಿಗೇರಿ ಕೂತಿತು. 2018ರಲ್ಲಿಯೇ ಮೈಕೆಲ್ ಗೋಲೆಬಿಯೆವ್‌ಸ್ಕಿ ಮತ್ತು ಡೇನಾ ಬಾಯ್ಡ್ ಇಂಥ ಖಾಲಿ ಜಾಗಗಳ ಅಪಾಯದ ಬಗ್ಗೆ ಬರೆದು ಎಚ್ಚರಿಸಿದ್ದರು. ಕೆಡುಕಿಗೆ ಅನುಕೂಲವಾದ ಆ ಖಾಲಿ ಜಾಗ ಒಳಿತಿಗೂ ಅಷ್ಟೇ ಅನುಕೂಲ. ನಮ್ಮ ಭಾಷೆಯಲ್ಲಿ ನಮ್ಮ ಊರಿನ ಬಗ್ಗೆ ಮೊದಲು ಸರಿಯಾಗಿ ಬರೆದವರೇ ಲೋಕಕ್ಕೆ ಉತ್ತರ.

ಎಷ್ಟು ಬೇಕಾದೀತು? ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ, ಈಗ ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಇಂಗ್ಲಿಷಿನದರಲ್ಲಿ 70 ಲಕ್ಷ. ಅದನ್ನು ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. 34 ಕನ್ನಡಿಗರಲ್ಲಿ ಒಬ್ಬರು, ಬಾಳಿನಲ್ಲಿ ಒಂದೇ ಒಂದು ಪುಟ, ಯೂನಿಕೋಡಿನಲ್ಲಿ, ಎಲ್ಲರಿಗೂ ತೆರೆದ ಜಾಗದಲ್ಲಿ ಬರೆದರೆ ಎಂಸಿ4ನ 13 ಲಕ್ಷದಷ್ಟೇ ಪುಟಗಳು ಹೊಸದಾಗಿ ಸೇರುತ್ತವೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಗೆ ಬರುವ ಹಕ್ಕಿಗಳ ಬಗ್ಗೆ, ಜಕ್ಕೂರು ಕೆರೆಯ ಬಗ್ಗೆ, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ರಾಗಿ ತಳಿಗಳ ಬಗ್ಗೆ, ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಆರ್.ಟಿ. ನಗರದ ಬೀದಿಗಳ ಬಗ್ಗೆ ಬಲ್ಲವರು ಬೆಂಗಳೂರಿನ ಈ ಭಾಗದಲ್ಲಿ ಎಷ್ಟು ಸಾವಿರ ಜನರಿಲ್ಲ!

ಅಂಗಡಿಯವರ ವಿಷಯಕ್ಕೆ ಬರೋಣ, ಏಕೆಂದರೆ ಎಷ್ಟೋ ಜನರ ಅನ್ನ ಇರುವುದು ಅಲ್ಲಿ. ಯಶವಂತಪುರದ ಈರುಳ್ಳಿ-ಆಲೂಗಡ್ಡೆ ಮಂಡಿಯ ಬಳಿ ನಿಂತ ಒಬ್ಬರು ಫೋನಿಗೆ ಕನ್ನಡದಲ್ಲೇ ಕೇಳುತ್ತಾರೆ: 'ಇಲ್ಲಿ ಹತ್ತಿರದಲ್ಲಿ ತಕ್ಕಡಿ ರಿಪೇರಿ ಮಾಡೋರು ಎಲ್ಲಿದಾರೆ?' ಇಂಥ ಹುಡುಕಾಟದಲ್ಲಿ ಯಂತ್ರ ನೋಡುವುದು ಮೂರು ಸಂಗತಿ ಎಂದು ಗೂಗಲ್ ಹೇಳುತ್ತದೆ. ಕೇಳಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದಿಕೆ, ಎಷ್ಟು ದೂರ, ಅಂಗಡಿ ಎಷ್ಟು ಹೆಸರುವಾಸಿ. ದೂರ ಎಂಬ ಒಂದೇ ಜರಡಿ ಸಾಕು, ಲೋಕದ ದೊಡ್ಡ ದೊಡ್ಡ ಕಂಪನಿಗಳೆಲ್ಲ ಹೊರಗುಳಿಯುತ್ತವೆ. ಮ್ಯಾಪಿನ ಕೆಳಗಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಅಂಗಡಿ. 40,000 ಕೋಟಿಯಿಂದ ಮೂರಕ್ಕೆ ಇಳಿಯಲು ಅರೆ ಸೆಕೆಂಡೂ ಬೇಕಿಲ್ಲ. ಆ ಮೂರರಲ್ಲಿ ಒಂದಾಗಲು ಬೇಕಾದ್ದು ಉಚಿತವಾಗಿ ಸಿಗುವ ಗೂಗಲ್ ಬಿಸಿನೆಸ್ ಪ್ರೊಫೈಲ್, ಸರಿಯಾದ ವಿಳಾಸ, ಬಾಗಿಲು ತೆರೆಯುವ ಸಮಯ, ಫೋನ್ ನಂಬರು, ನಾಲ್ಕು ಗಿರಾಕಿಗಳ ಪ್ರಾಮಾಣಿಕ ಅಭಿಪ್ರಾಯ. ಜತೆಗೆ ಊರಿನ ಹೆಸರು. ಯಶವಂತಪುರವನ್ನು ರೋಮನ್‌ನಲ್ಲಿ ರೈಲ್ವೆಯವರು ಬರೆಯುವುದು ಒಂದು ಬಗೆ, ಬಸ್ಸಿನ ಬೋರ್ಡಿನಲ್ಲಿ ಇನ್ನೊಂದು, ಅಂಗಡಿಗಳ ಮೇಲೆ ಮತ್ತೆರಡು ಮೂರು. ಕನ್ನಡದಲ್ಲಿ ಬರೆದರೆ ಈ ಗೊಂದಲವೇ ಇಲ್ಲ.

2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ರಾಜ್ಯದ ಅಂಗಡಿಗಳ ನಾಮಫಲಕದಲ್ಲಿ ಶೇ 60 ಭಾಗ ಕನ್ನಡವಿರಬೇಕು. ಬೀದಿಯಲ್ಲಿ ಬೋರ್ಡುಗಳು ಬದಲಾದವು. ಆದರೆ ಗಿರಾಕಿ ಬೀದಿಗೆ ಬರುವ ಮೊದಲು ನೋಡುವ ಬೋರ್ಡು ಫೋನಿನೊಳಗಿದೆ. ಅದಕ್ಕೆ ಯಾವ ಕಾಯ್ದೆಯೂ ಇಲ್ಲ, ಪೇಂಟರಿಗೆ ಕೂಲಿಯೂ ಕೊಡಬೇಕಿಲ್ಲ. ಅಂಗಡಿಯ ವಿವರ ತುಂಬುವ ಜಾಗದಲ್ಲಿ 'ಯಶವಂತಪುರದಲ್ಲಿ ತಕ್ಕಡಿ ರಿಪೇರಿ, ಎಲೆಕ್ಟ್ರಾನಿಕ್ ತಕ್ಕಡಿ ಮಾರಾಟ' ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಲು ಹತ್ತು ನಿಮಿಷ ಸಾಕು.